ದುಡಿಯುವುದು ಬೆರಳು, ನೋಯುವುದು ಮುಂಗೈ: ಕಾರಣವೇನು?

ಪ್ರಶ್ನೆ (ಬಳ್ಳಾರಿ)

ಮಾನ್ಯರೇ, ನಾನು ಜೀನ್ಸ್ ಘಟಕವೊಂದರಲ್ಲಿ ದಪ್ಪ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದೇನೆ. ದಿನವಿಡೀ ಕತ್ತರಿಯನ್ನು ಒತ್ತುವುದು ಬೆರಳುಗಳೇ ಆದರೂ ಸಂಜೆಯ ಹೊತ್ತಿಗೆ ನೋವು ಕಾಣಿಸಿಕೊಳ್ಳುವುದು ಮೊಣಕೈಯ ಕೆಳಗೆ. ಇದೇಕೆ? ನಡುಬೆರಳನ್ನು ಮಡಚಿ ಅಂಗೈಯನ್ನು ಮೇಜಿನ ಮೇಲೆ ಊರಿದಾಗ ಉಂಗುರ ಬೆರಳು ಮಾತ್ರ ಮೇಲಕ್ಕೇಳದಿರುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ (ರಾಯಚೂರು, ಫಿಸಿಯೋಥೆರಪಿಸ್ಟ್)

ಬೆರಳಿನೊಳಗೆ ಅದನ್ನು ಮಡಚುವ ಸ್ನಾಯುವೇ ಇಲ್ಲ. ಹಿಡಿತಕ್ಕೆ ಬಲ ಕೊಡುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅವು ಕುಗ್ಗಿದಾಗ, ಮಣಿಕಟ್ಟನ್ನು ದಾಟಿ ಬಂದು ಬೆರಳೆಲುಬುಗಳಿಗೆ ಅಂಟಿಕೊಂಡಿರುವ ಸ್ನಾಯುರಜ್ಜುಗಳು ರಾಟೆಯ ಮೇಲಿನ ಹಗ್ಗದಂತೆ ಎಳೆಯಲ್ಪಟ್ಟು ಬೆರಳು ಮಡಚಿಕೊಳ್ಳುತ್ತದೆ. ಎಡಗೈಯಿಂದ ಬಲ ಮುಂಗೈಯನ್ನು ಹಿಡಿದುಕೊಂಡು ಬಲಗೈ ಬೆರಳುಗಳನ್ನು ಆಡಿಸಿದರೆ ಒಳಗಿನ ಚಲನೆ ನಿಮಗೇ ತಿಳಿಯುತ್ತದೆ. ದುಡಿದು ದಣಿಯುವುದು ಆ ಸ್ನಾಯುಗಳೇ ಆದ್ದರಿಂದ ನೋವೂ ಅಲ್ಲಿಯೇ.

ಉಂಗುರ ಬೆರಳಿನ ವಿಷಯಕ್ಕೂ ಇದೇ ರಚನೆ ಕಾರಣ. ನಾಲ್ಕು ಬೆರಳುಗಳನ್ನು ಎತ್ತುವುದಕ್ಕೆ ಮುಂಗೈಯ ಹಿಂಬದಿಯಲ್ಲಿ ಒಂದು ಸ್ನಾಯು ಹಂಚಿಕೆಯಾಗಿದೆ. ತೋರುಬೆರಳಿಗೂ ಕಿರುಬೆರಳಿಗೂ ಅದರ ಜೊತೆಗೆ ತಮ್ಮದೇ ಆದ ಇನ್ನೊಂದು ಸ್ನಾಯು ಇರುತ್ತದೆ, ಉಂಗುರ ಬೆರಳಿಗೆ ಇರುವುದಿಲ್ಲ. ಸಾಲದ್ದಕ್ಕೆ ಅದರ ರಜ್ಜು ಅಂಗೈಯ ಹಿಂಬದಿಯಲ್ಲಿ ನಡುಬೆರಳಿನ ರಜ್ಜಿಗೆ ಅಡ್ಡಪಟ್ಟಿಯಿಂದ ಬಿಗಿದುಕೊಂಡಿರುತ್ತದೆ. ಹೀಗಾಗಿ ಅದು ನಿಮ್ಮ ದೋಷವಲ್ಲ, ಬಹುತೇಕ ಎಲ್ಲರ ಕೈಯೂ ಹಾಗೆಯೇ.

ಉತ್ತರ (ಕೊಪ್ಪಳ)

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಿನ್ನಾಳದ ಕಲಾವಿದರು ಮರದ ಗೊಂಬೆಗೆ ಕಣ್ಣು ಬರೆಯುವಾಗ ಬೇಕಾಗುವುದು ಬಲಕ್ಕಿಂತ ಹೆಚ್ಚಾಗಿ ನಯ. ಅದಕ್ಕೆ ಅಂಗೈಯೊಳಗೇ ಇರುವ ಚಿಕ್ಕ ಸ್ನಾಯುಗಳು ನೆರವಾಗುತ್ತವೆ. ಹೆಬ್ಬೆರಳು ಬುಡದ ಕೀಲಿನಲ್ಲಿ ಹೊರಳಿ ಉಳಿದ ಬೆರಳುಗಳ ತುದಿಗೆ ಎದುರಾಗಿ ನಿಲ್ಲಬಲ್ಲದು. ಕುಂಚವನ್ನು ಹಿಡಿಯಲು ಸಾಧ್ಯವಾಗುವುದೇ ಅದರಿಂದ. ಕೈಯ 27 ಎಲುಬುಗಳಲ್ಲಿ ನನಗೆ ಅತ್ಯಂತ ಅಚ್ಚರಿ ಹುಟ್ಟಿಸುವುದು ಹೆಬ್ಬೆರಳಿನ ಬುಡದ ಆ ಜೋಡಣೆಯೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಕತ್ತರಿ ಹಿಡಿಯುವಾಗ ಮಣಿಕಟ್ಟು ಹೇಗಿರಬೇಕು?

ಉತ್ತರ (ರಾಯಚೂರು, ಫಿಸಿಯೋಥೆರಪಿಸ್ಟ್)

ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿ ಮುಷ್ಟಿ ಕಟ್ಟಲು ಯತ್ನಿಸಿ; ಹಿಡಿತ ಸಡಿಲವಾಗುತ್ತದೆ, ಏಕೆಂದರೆ ಮಡಚುವ ಸ್ನಾಯುಗಳು ಆಗಲೇ ಗಿಡ್ಡವಾಗಿಬಿಟ್ಟಿರುತ್ತವೆ. ಮಣಿಕಟ್ಟು ತುಸು ಹಿಂದಕ್ಕೆ ವಾಲಿದ್ದರೆ ಕಡಿಮೆ ಶ್ರಮದಲ್ಲಿ ಬಿಗಿ ಹಿಡಿತ ಸಿಗುತ್ತದೆ. ಆದ್ದರಿಂದ ಮೇಜಿನ ಎತ್ತರವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ. ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ 9 ರಜ್ಜುಗಳೊಡನೆ ಮೀಡಿಯನ್ ನರವೂ ಹಾದುಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ರಾತ್ರಿ ಜೋಮು ಹಿಡಿಯತೊಡಗಿದರೆ ಆ ನರ ಒತ್ತಡಕ್ಕೆ ಸಿಕ್ಕಿರಬಹುದು; ಆಗ ತಡಮಾಡದೆ ವೈದ್ಯರಿಗೆ ತೋರಿಸಿ.