ಹಳೆ ಸಿಂಗರ್ ಹೊಲಿಗೆ ಮೆಷಿನ್: ಒರೆಸಿದ ಮೇಲೆ ಕಪ್ಪು ಬಣ್ಣದ ಮೇಲೆ ಬಿಳಿ ಮಚ್ಚೆ

ಪ್ರಶ್ನೆ: ಅಜ್ಜಿಯ ಕಾಲು ಮೆಷಿನ್. ಸೀರಿಯಲ್ ನಂಬರ್ 'ವೈ' ಅಕ್ಷರದಿಂದ ಶುರು. ಮೈಮೇಲೆ ಚಿನ್ನದ ಬಣ್ಣದ ಸ್ಫಿಂಕ್ಸ್ ಚಿತ್ರ ಇದೆ. ಮನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಜಿಡ್ಡು ಹೋಗಿಲ್ಲ, ಬದಲಿಗೆ ಮಂಜು ಕಟ್ಟಿದ ಹಾಗೆ ಬಿಳಿ ಮಚ್ಚೆ ಬಂದಿದೆ. ಸ್ಪಿರಿಟ್ ಹಾಕಿ ಉಜ್ಜಬಹುದಾ?

ಉತ್ತರ: ದಯವಿಟ್ಟು ಬೇಡ. ಥಿನ್ನರ್, ಗಾಜು ಒರೆಸುವ ಸ್ಪ್ರೇ ಕೂಡ ಬೇಡ. 'ವೈ' ಅಂದರೆ ಸ್ಕಾಟ್ಲೆಂಡ್‌ನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದ್ದು. ಅಡಿಯ ಕಪ್ಪು ಬಣ್ಣ ಜಪಾನಿಂಗ್, ಡಾಂಬರಿನಂಥ ವಾರ್ನಿಷ್ ಬಳಿದು ಒಲೆಯಲ್ಲಿ ಕಾಯಿಸಿದ್ದು. ಅದು ಗಟ್ಟಿ. ಅದರ ಮೇಲೆ ಡೆಕಲ್, ಅಂದರೆ ಅಂಟಿಸಿದ ಆ ಚಿನ್ನದ ಬಣ್ಣದ ಚಿತ್ರ, ಡೆಕಲ್ ಮೇಲೆ ಅರಗಿನ ತೆಳು ಪದರ. ಚನ್ನಪಟ್ಟಣದ ಗೊಂಬೆಗೆ ಹಚ್ಚುತ್ತಾರಲ್ಲ, ಅದೇ ಅರಗು. ಅದನ್ನು ಸ್ಪಿರಿಟ್‌ನಲ್ಲೇ ಕರಗಿಸಿ ವಾರ್ನಿಷ್ ಮಾಡುವುದು. ಹಾಗಾಗಿ ಸ್ಪಿರಿಟ್ ತಾಗಿದರೆ ಮತ್ತೆ ಕರಗುತ್ತದೆ, ಚಿನ್ನದ ಬಣ್ಣ ಹೋಗಿ ಡೆಕಲ್ ಬೆಳ್ಳಿಯ ಹಾಗಾಗುತ್ತದೆ. ಮತ್ತೆ ಬರುವುದಿಲ್ಲ.

ಬಿಳಿ ಮಚ್ಚೆ ಅರಗಿನೊಳಗೆ ಸೇರಿದ ನೀರಿನ ತೇವ. ಮೆಷಿನ್ ಒಣಗಲಿ. ಆಮೇಲೆ ಹೊಲಿಗೆ ಮೆಷಿನ್ ಎಣ್ಣೆಯನ್ನು ಹತ್ತಿಯಿಂದ ತೆಳ್ಳಗೆ ಹಚ್ಚಿ ಒಂದು ರಾತ್ರಿ ಬಿಡಿ. ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ, ಆಮೇಲೆ ಅಂಟಾಗುತ್ತದೆ. ಬೆಳಿಗ್ಗೆ ಹೊಸ ಹತ್ತಿಯಿಂದ ಒತ್ತದೆ ಒರೆಸಿ. ಮೊದಲು ಬೆಡ್‌ನ (ಬಟ್ಟೆ ಇಟ್ಟು ಹೊಲಿಯುವ ಚಪ್ಪಟೆ ಭಾಗ) ಹಿಂಬದಿ ಮೂಲೆಯಲ್ಲಿ, ಡೆಕಲ್ ಇಲ್ಲದ ಕಡೆ ಪರೀಕ್ಷಿಸಿ.

ಪ್ರಶ್ನೆ: ಮಚ್ಚೆ ತುಂಬಾ ಕಡಿಮೆಯಾಗಿದೆ! ಆದರೆ ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತಿದೆ. ಪೇಂಟ್ ಬರುತ್ತಿದೆಯಾ?

ಉತ್ತರ: ಬರೀ ಎಣ್ಣೆ ಹಚ್ಚಿದ್ದರೆ ಭಯ ಬೇಡ, ಅದು ಒಣಗಿದ ಹಳೆ ಎಣ್ಣೆ. ಒರೆಸಿದ ಜಾಗ ನುಣುಪಾಗಿ ಹೊಳೆಯುತ್ತದೆ, ಅಲ್ವಾ? ಹತ್ತಿ ಬದಲಿಸುತ್ತಾ ಹೋಗಿ. ಗಟ್ಟಿ ಜಿಡ್ಡು ಇದ್ದರೆ ಎಣ್ಣೆಯಲ್ಲಿ ಇನ್ನೊಂದು ದಿನ ನೆನೆಯಲಿ. ಉಗುರು, ಬ್ಲೇಡ್, ಸ್ಕ್ರಬ್ಬರ್ ಮುಟ್ಟಿಸಬೇಡಿ.

ಗಮನಿಸಬೇಕಾದ್ದು ಹತ್ತಿಯಲ್ಲಿ ಚಿನ್ನದ ಪುಡಿ ಕಂಡರೆ. ತಕ್ಷಣ ನಿಲ್ಲಿಸಿ. ಬೆಡ್‌ನ ಮುಂದಿನ ಅಂಚಿನಲ್ಲಿ ಬಟ್ಟೆ ಉಜ್ಜಿ ಉಜ್ಜಿ ಅರಗು ಆಗಲೇ ಸವೆದಿರುತ್ತದೆ. ಅಲ್ಲಿ ಒರೆಸದೆ, ಹತ್ತಿಯನ್ನು ಸುಮ್ನೆ ಇಟ್ಟು ಎತ್ತಿ.

ಬಾಬಿನ್ ಕೇಸ್, ಅಡಿಭಾಗದ ಬಣ್ಣವಿಲ್ಲದ ಕಬ್ಬಿಣಕ್ಕೆ ಸೀಮೆಎಣ್ಣೆ ನಡೆಯುತ್ತದೆ. ಕಿಟಕಿ ತೆರೆದು, ಬೆಂಕಿಯಿಂದ ದೂರ ಕೂತು ಮಾಡಿ. ಕೊನೆಗೆ ಕಾರ್ ಪಾಲಿಶ್ ಹಚ್ಚಬೇಡಿ, ಅದರಲ್ಲಿ ಉಜ್ಜುವ ಪುಡಿ ಇರುತ್ತದೆ. ಪುಡಿ ಇಲ್ಲದ ಕಾರ್ನೌಬಾ ಮೇಣ (ಒಂದು ಜಾತಿ ತಾಳೆ ಎಲೆಯ ಮೇಣ) ಸಿಕ್ಕಿದರೆ ತೆಳ್ಳಗೆ ಒಂದು ಕೋಟ್. ಸಿಗದಿದ್ದರೆ ಹಾಗೇ ಬಿಡಿ.