ರೂಟ್ 66ರಲ್ಲಿ ಅಪ್ಪಾಜಿಗೆ ಯಾವ ಭಾಗ ತೋರಿಸ್ಲಿ?

ಮಂಡ್ಯ_ಹೈದ: ನಮಸ್ಕಾರ, ಅಕ್ಕ ಅಮೆರಿಕಾದಲ್ಲಿದ್ದಾಳೆ, ಅಪ್ಪಾಜಿ ಕಬ್ಬಿನ ಲಾರಿ ಓಡಿಸ್ತಿದ್ದೋರು, ಹಳೇ ರೋಡು ಅಂದ್ರೆ ಪ್ರಾಣ, ಅಲ್ಲಿನ ಹೆಸರಾಂತ ಹಳೇ ಹೆದ್ದಾರಿ ರೂಟ್ 66ಗೆ ಕರ್ಕೊಂಡು ಹೋಗ್ಬೇಕು ಅಂತ ನಂಗೆ ಭಾರೀ ಆಸೆ. ಚಿಕಾಗೋದಿಂದ ಸಾಂಟಾ ಮೋನಿಕಾಗೆ ಸುಮಾರು 3,900 ಕಿ.ಮೀ., ಪೂರ್ತಿ ಆಗಲ್ಲ. ಯಾವ ಭಾಗ ಬಿಡಬಾರ್ದು?

ಕುಕ್ಕರಹಳ್ಳಿ_ವಾಕರ್: ಅರಿಜೋನಾ ರಾಜ್ಯ ಸರ್, ಕಣ್ಮುಚ್ಕೊಂಡು ಹೋಗಿ. ಸೆಲಿಗ್ಮನ್‌ನಿಂದ ಕಿಂಗ್‌ಮನ್‌ವರೆಗೆ ಹಳೇ ರೋಡು ಹಂಗೇ ಉಳ್ಕೊಂಡಿದೆ. ಹೊಸ ಎಕ್ಸ್‌ಪ್ರೆಸ್‌ವೇ ಬಂದು ನಮ್ ಮದ್ದೂರು ಪಕ್ಕಕ್ಕೆ ಬಿತ್ತಲ್ಲ, ಅಲ್ಲೂ ಐ-40 ಅನ್ನೋ ಹೊಸ ಹೆದ್ದಾರಿ ಬಂದು ಅದೇ ಆಯ್ತು, ಹೋಟ್ಲು ಬಂಕು ಎಲ್ಲಾ ಸೊರಗೋದ್ವು, 1985ರಲ್ಲಿ ರೂಟ್ 66 ಅನ್ನೋ ನಂಬರ್ನೇ ತೆಗೆದಾಕಿದ್ರು. ಆದ್ರೆ ಸೆಲಿಗ್ಮನ್ ಊರಿನ ಕ್ಷೌರಿಕ ಏಂಜಲ್ ಡೆಲ್ಗಾಡಿಲೋ ಜನ ಸೇರಿಸಿ ಹೋರಾಡಿ 1987ರಲ್ಲಿ ಆ ರಾಜ್ಯದಿಂದ ಐತಿಹಾಸಿಕ ರಸ್ತೆ ಅಂತ ಮಾನ್ಯತೆ ತಂದ್ರು, ಆ ಮನುಷ್ಯನ ಮೇಲೆ ನಂಗೆ ತುಂಬಾ ಗೌರವ. ಮುಂದೆ ಓಟ್ಮನ್ ಘಾಟಿ, ಬೀದೀಲೇ ಕತ್ತೆಗಳು ಓಡಾಡ್ತವೆ, ತಿರುವು ಜಾಸ್ತಿ, ಹಗಲಲ್ಲೇ ದಾಟಿ.

ಮೈಸೂರ್_ಸುಮಾ: ಮ್ಯಾಪ್‌ನಲ್ಲಿ ಹೈವೇ ಅವಾಯ್ಡ್ ಅಂತ ಹಾಕ್ಕೊಳಿ, ಇಲ್ಲಾಂದ್ರೆ ಐ-40ಗೇ ಎಳ್ಕೊಂಡು ಹೋಗುತ್ತೆ. ಬೇಸಿಗೆ ಬೇಡ, ಮೊಹಾವಿ ಮರುಭೂಮಿ ಬಿಸಿಲು ವಯಸ್ಸಾದೋರಿಗೆ ಕಷ್ಟ.

ಮಂಡ್ಯ_ಹೈದ: ಥ್ಯಾಂಕ್ಸ್ ಮೇಡಂ, ಸರ್. ಅಕ್ಟೋಬರ್‌ಗೆ ಲಾಸ್ ವೇಗಸ್‌ಗೆ ಟಿಕೆಟ್ ನೋಡ್ತೀನಿ, ಅಲ್ಲಿಂದ ಕಿಂಗ್‌ಮನ್ ಹತ್ರ ತಾನೇ?