ನಮ್ಮವರೇ ಅಧ್ಯಕ್ಷರಾದರೆ ಲೆಕ್ಕ ಕೇಳುವುದು ಹೇಗೆ? ಹಾರ್ಲೆಮ್‌ನವರು ಏನು ಮಾಡಿದರು?

ಡೊಂಬಿವಲಿ ಅಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಬೇಡಿ.

ಮಗಳು ಕಾಲೀನಾ ಕ್ಯಾಂಪಸ್ಸಿನಲ್ಲಿ ರಾಜ್ಯಶಾಸ್ತ್ರ ಎಂ.ಎ. ಮಾಡುತ್ತಿದ್ದಾಳೆ. ಈ ಸಲ ಅಮೆರಿಕದ ಕಪ್ಪು ನಾಯಕರ ಬಗ್ಗೆ ಒಂದು ಪೇಪರ್ ಇದೆ. ಅವಳು ಓದಿ ಬಿಟ್ಟದ್ದನ್ನು ನಾನು ಲೋಕಲ್‌ನಲ್ಲಿ ಓದುತ್ತೇನೆ, ಠಾಣೆ ದಾಟುವುದರೊಳಗೆ ಸೀಟು ಸಿಕ್ಕಿದರೆ. ಅದರಲ್ಲಿ ಆಡಮ್ ಕ್ಲೇಟನ್ ಪವೆಲ್ ಎಂಬ ಮನುಷ್ಯ ತಲೆಯಲ್ಲಿ ಕೂತುಬಿಟ್ಟಿದ್ದಾರೆ.

ನ್ಯೂಯಾರ್ಕಿನಲ್ಲಿ ಕಪ್ಪು ಜನರೇ ಹೆಚ್ಚಾಗಿದ್ದ ಹಾರ್ಲೆಮ್‌ನಲ್ಲಿ ದೊಡ್ಡ ಚರ್ಚಿನ ಪಾದ್ರಿ. 1945ರಿಂದ ಅಮೆರಿಕದ ಸಂಸತ್ತಿನ ಸದಸ್ಯ. 1961ರಲ್ಲಿ ಶಿಕ್ಷಣ ಮತ್ತು ಕಾರ್ಮಿಕ ಸಮಿತಿಯ ಅಧ್ಯಕ್ಷರಾದರು. ಕನಿಷ್ಠ ಕೂಲಿ, ಬಡ ಮಕ್ಕಳ ಶಾಲೆಗೆ ಸರ್ಕಾರದ ಹಣ, ಇಂಥ ಎಷ್ಟೋ ಕಾನೂನು ಅವರ ಸಮಿತಿ ದಾಟಿಯೇ ಬಂದವು. ಅದೇ ಮನುಷ್ಯ 1960ರಲ್ಲಿ ಟೀವಿಯಲ್ಲಿ ಕೂತು ಎಸ್ತರ್ ಜೇಮ್ಸ್ ಎಂಬ ಹಾರ್ಲೆಮ್‌ನದೇ ವಿಧವೆಯನ್ನು ಪೊಲೀಸರಿಗೆ ಮಾಮೂಲಿ ಎತ್ತಿಕೊಡುವ ಹೆಂಗಸು ಎಂದುಬಿಟ್ಟರು. ಆಕೆ ಮಾನನಷ್ಟದ ಕೇಸು ಹಾಕಿ ಗೆದ್ದಳು. ಇವರು ದುಡ್ಡು ಕಟ್ಟಲಿಲ್ಲ. ಕೋರ್ಟಿನ ಕಾಗದ ಭಾನುವಾರ ಜಾರಿಯಾಗುವುದಿಲ್ಲ ಎಂದು ಭಾನುವಾರ ಮಾತ್ರ ಊರಿಗೆ ಬಂದು ಉಪದೇಶ ಮಾಡಿ ಹೋಗುತ್ತಿದ್ದರು! ಎಷ್ಟೋ ದಿನ ಬಹಾಮಾಸ್‌ನ ಬಿಮಿನಿ ದ್ವೀಪದಲ್ಲಿ ಮೀನು ಹಿಡಿಯುವುದು. ಇದರ ಮೇಲೆ ಸರ್ಕಾರಿ ಖರ್ಚಿನಲ್ಲಿ ಓಡಾಟ, ಹೆಂಡತಿಗೆ ಕೆಲಸ ಇಲ್ಲದೆ ಸಂಬಳ ಎಂಬ ಆರೋಪ ಬೇರೆ.

1967ರ ಮಾರ್ಚ್‌ನಲ್ಲಿ ಸಂಸತ್ತು ಅವರನ್ನು ಹೊರಗೆ ಹಾಕಿತು. ಏಪ್ರಿಲ್‌ನಲ್ಲಿ ಹಾರ್ಲೆಮ್ ಜನ ಭಾರೀ ಬಹುಮತದಿಂದ ಅವರನ್ನೇ ಮತ್ತೆ ಗೆಲ್ಲಿಸಿದರು. ನನಗೆ ಸಿಟ್ಟೇ ಬಂತು. ಆ ವಿಧವೆಯ ಪಾಡು ಯಾರು ಕೇಳಬೇಕು?

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನೊಂದು ಸಮಾಜ ಸಂಘದ ಸದಸ್ಯೆ. ಹೆಸರು ಬೇಡ. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗಿನಿಂದ ಒಬ್ಬರೇ ಅಧ್ಯಕ್ಷರು. ಒಳ್ಳೆಯ ಕೆಲಸ ಮಾಡಿಲ್ಲ ಅಂತಲ್ಲ. ಹಾಲ್ ಕಟ್ಟಿಸಿದರು. ಲಾಕ್‌ಡೌನ್‌ನಲ್ಲಿ ಹೋಟೆಲ್ ಹುಡುಗರನ್ನು ಊರಿಗೆ ಕಳಿಸಲು ಬಸ್ ಮಾಡಿಸಿದರು. ಆದರೆ ವಿದ್ಯಾರ್ಥಿವೇತನ ನಿಧಿಯ ಬಡ್ಡಿ ಯಾವ ಮಕ್ಕಳಿಗೆ ಹೋಯಿತು ಎಂದು ಮಹಾಸಭೆಯಲ್ಲಿ ಕೇಳಿದರೆ, "ನೋಡಮ್ಮಾ, ಮರಾಠಿಯವರ ಎದುರು ನಮ್ಮ ಮರ್ಯಾದೆ ತೆಗೀಬೇಡ" ಎಂದು ಹಿರಿಯರೊಬ್ಬರು ಗದರಿದರು. ಆ ಹಾಲ್‌ನಲ್ಲಿ ಮರಾಠಿಯವರು ಅಂತ ಇದ್ದದ್ದು ಮೈಕ್ ಹುಡುಗ ಒಬ್ಬನೇ.

ಕಪ್ಪು ಜನಕ್ಕೆ ಈ ಕಷ್ಟ ನಮಗಿಂತ ಎಷ್ಟೋ ಜಾಸ್ತಿ ಇತ್ತು. ನಾಯಕನ ಹುಳುಕು ಹೊರಬಿದ್ದರೆ ಬಿಳಿಯರ ಕೈಗೆ ಕೋಲು ಕೊಟ್ಟ ಹಾಗೆ. ಹಾಗಾದರೆ ಅವರು ತಮ್ಮವರನ್ನು ಪ್ರಶ್ನೆ ಮಾಡಿದ್ದಾದರೂ ಹೇಗೆ?

ಮಾಟುಂಗ ಮೇಷ್ಟ್ರು

ಅಕ್ಕ, ಪವೆಲ್ ಕಥೆಯನ್ನು ನೀವು ಅರ್ಧಕ್ಕೆ ನಿಲ್ಲಿಸಿದ್ದೀರಿ. 1967ರಲ್ಲಿ ಹಾರ್ಲೆಮ್ ಕೊಟ್ಟದ್ದು ಪವೆಲ್‌ಗೆ ಒಳ್ಳೆಯ ನಡತೆಯ ಸರ್ಟಿಫಿಕೇಟ್ ಅಲ್ಲ. ನಮ್ಮ ಪ್ರತಿನಿಧಿಯನ್ನು ತೆಗೆಯಲು ನೀವ್ಯಾರು ಎಂದು ಸಂಸತ್ತಿಗೆ ಕೇಳಿದ್ದು. ಅದೇ ವರ್ಷ ಸೆನೆಟಿನಲ್ಲಿ ಥಾಮಸ್ ಡಾಡ್ ಎಂಬ ಬಿಳಿ ಸದಸ್ಯ ಚುನಾವಣೆಗೆ ಜನ ಕೊಟ್ಟ ಹಣವನ್ನು ಸ್ವಂತಕ್ಕೆ ಬಳಸಿದ್ದರ ತೀರ್ಮಾನ ಬಂತು. ಅವರಿಗೆ ಬರೀ ಛೀಮಾರಿ. ಕುರ್ಚಿ ಹಾಗೇ ಉಳಿಯಿತು. ಇದನ್ನು ಹಾರ್ಲೆಮ್ ಜನ ನೋಡದೆ ಇರುತ್ತಾರಾ? 1969ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಅರ್ಹತೆ ಇದ್ದು ಗೆದ್ದು ಬಂದವರನ್ನು ಹಾಗೆ ಹೊರಗಿಡುವ ಅಧಿಕಾರ ಸಂಸತ್ತಿಗೆ ಇಲ್ಲ ಎಂದಿತು.

ಇಷ್ಟಾದ ಮೇಲೆ 1970 ಬಂತು. ಪಕ್ಷದ ಒಳಗಿನ ಚುನಾವಣೆಯಲ್ಲಿ ಚಾರ್ಲ್ಸ್ ರಾಂಗೆಲ್ ಎಂಬ ಹಾರ್ಲೆಮ್‌ನದೇ ಕಪ್ಪು ವಕೀಲ ನಿಂತರು. ಸುಮಾರು 150 ಮತಗಳಿಂದ ಪವೆಲ್ ಸೋತರು. ಊರಿಗೂ ಬರುವುದಿಲ್ಲ, ಸಂಸತ್ತಿಗೂ ಹೋಗುವುದಿಲ್ಲ ಎಂಬ ಸಿಟ್ಟು ಅಷ್ಟು ಹೊತ್ತಿಗೆ ಗಟ್ಟಿಯಾಗಿತ್ತು. ಹೊರಗಿನವರು ಕೈ ಹಾಕಿದಾಗ ತಡೆದ ಜನವೇ ಆಮೇಲೆ ತಮ್ಮ ಕೈಯಿಂದ ಇಳಿಸಿದರು. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ.

ಲೆಕ್ಕ ಕೇಳುವ ವಿಷಯಕ್ಕೆ ಬಂದರೆ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಊರು ನೋಡಿ. 1955ರ ಡಿಸೆಂಬರ್‌ನಿಂದ 381 ದಿನ ಅಲ್ಲಿನ ಕಪ್ಪು ಜನ ಬಸ್ಸಿನೊಳಗಿನ ಭೇದಭಾವದ ವಿರುದ್ಧ ಬಸ್ ಹತ್ತಲಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಅಷ್ಟು ದಿನ ಬಸ್ಸಿನ ಬದಲು ಓಡಿದ ಕಾರುಗಳಿಗೆ ಪೆಟ್ರೋಲ್ ಹಾಕಿದ್ದು ಯಾರು? ಹೊರಗಿನಿಂದ ದೊಡ್ಡ ಹಣವೂ ಬಂತು, ನಿಜ. ಜೊತೆಗೆ ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯ ಹೆಂಗಸು ಇದ್ದಳು. ಆಕೆ ಮತ್ತು ಗೆಳತಿಯರು ಮನೆಯಲ್ಲಿ ಕೋಳಿ ಕರಿದು, ಕೇಕು ಕಡುಬು ಬೇಯಿಸಿ ಮಾರಿ ಬಂದ ದುಡ್ಡನ್ನು ಸಭೆಗೆ ತಂದು ಕೊಡುತ್ತಿದ್ದರು. ದುಡ್ಡು ಎಲ್ಲಿಂದ ಎಂದರೆ "ಎಲ್ಲಿಂದಲೂ ಅಲ್ಲ" ಎನ್ನಬೇಕು, ಇಲ್ಲದಿದ್ದರೆ ಬಿಳಿ ಯಜಮಾನಿಯರು ಕೆಲಸದಿಂದ ತೆಗೆಯುತ್ತಾರೆ. ಗುಂಪಿನ ಹೆಸರೂ ಅದೇ ಆಯಿತು. ಆ ಸಭೆಗಳು ಚರ್ಚುಗಳಲ್ಲಿ ಪ್ರತಿ ವಾರ ನಡೆಯುತ್ತಿದ್ದವು. ಚಳವಳಿಯ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಆಗಲಿ ಯಾರೇ ಆಗಲಿ ಅದೇ ಜನರ ಎದುರು ನಿಂತು ಹೇಳಬೇಕು.

1956ರ ಜೂನ್‌ನಲ್ಲಿ ಆ ಬಸ್ ಚಳವಳಿ ನಡೆಸಿದ ಸಂಘದ ಕಾರ್ಯದರ್ಶಿಯಾಗಿದ್ದ ಪಾದ್ರಿ ಯು. ಜೆ. ಫೀಲ್ಡ್ಸ್, ನಾಯಕರು ಹಣ ತಿನ್ನುತ್ತಿದ್ದಾರೆ ಎಂದು ಪತ್ರಿಕೆಯವರಿಗೆ ಹೇಳಿಬಿಟ್ಟರು. ಹೊರಗೆ ಹಬ್ಬವಾಯಿತು. ಕಿಂಗ್ ಕ್ಯಾಲಿಫೋರ್ನಿಯಾದಿಂದ ಓಡಿ ಬಂದರು. ಫೀಲ್ಡ್ಸ್ ತುಂಬಿದ ಸಭೆಯಲ್ಲಿ ನಿಂತು ಮಾತು ಹಿಂದಕ್ಕೆ ತೆಗೆದುಕೊಂಡರು, ಸ್ಥಾನ ಹೋದ ಸಿಟ್ಟಿನಲ್ಲಿ ಆಡಿದ್ದು ಎಂದರು. ಅದನ್ನು ಬಾಗಿಲು ಹಾಕಿ ನಾಲ್ಕು ಜನ ಮುಗಿಸಬಹುದಿತ್ತು. ದುಡ್ಡು ಕೊಟ್ಟವರೆಲ್ಲ ಕೂತಿದ್ದ ಕಡೆಯೇ ಮುಗಿಸಿದರು.

ಚೆಂಬೂರು ಹುಡುಗ

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ನನ್ನದೊಂದು ತಕರಾರು. ಯಾವಾಗಲೂ "ಕಪ್ಪು ನಾಯಕರು ತಮ್ಮ ಸಮುದಾಯಕ್ಕೆ ಉತ್ತರ ಕೊಡಬೇಕು" ಅಂತಲೇ ಯಾಕೆ? ಬಿಳಿ ಮೇಯರ್‌ನನ್ನು ಯಾರಾದರೂ ಬಿಳಿ ಸಮುದಾಯದ ನಾಯಕ ಅನ್ನುತ್ತಾರಾ? ಕಪ್ಪು ಮನುಷ್ಯ ಒಬ್ಬ ಮೇಲೆ ಬಂದರೆ ಸಾಕು, ಇಡೀ ಜನಾಂಗದ ಭಾರ ಅವನ ತಲೆಗೆ.

ಇನ್ನೊಂದು, ಅವರನ್ನು ನಾಯಕ ಎಂದು ಮಾಡಿದ್ದು ಯಾರು ಎಂದೂ ನೋಡಬೇಕು. ಬುಕರ್ ಟಿ. ವಾಷಿಂಗ್ಟನ್ 1881ರಿಂದ ಅಲಬಾಮಾದಲ್ಲಿ ಕಪ್ಪು ಮಕ್ಕಳಿಗಾಗಿ ಟಸ್ಕೀಗಿ ಶಾಲೆ ಕಟ್ಟಿದರು. ದೊಡ್ಡ ಕೆಲಸ, ಅನುಮಾನ ಇಲ್ಲ. 1903ರಲ್ಲಿ ಉಕ್ಕಿನ ಸಾಹುಕಾರ ಕಾರ್ನೆಗಿ ಒಬ್ಬರೇ ಆ ಶಾಲೆಗೆ 6 ಲಕ್ಷ ಡಾಲರ್ ಕೊಟ್ಟರು. ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಊಟಕ್ಕೆ ಕರೆದರು. ಕಪ್ಪು ಜನರ ಪರವಾಗಿ ಯಾರಿಗೆ ಕೆಲಸ ಕೊಡಬೇಕು ಎಂದು ಅವರನ್ನೇ ಕೇಳುತ್ತಿದ್ದರು. ಆದರೆ ಅವರಿಗೆ ವೋಟು ಹಾಕಿದ ಕಪ್ಪು ಮನುಷ್ಯ ಒಬ್ಬನೂ ಇಲ್ಲ! ಹಣ ಮೇಲಿಂದ ಬಂದರೆ ಉತ್ತರವೂ ಮೇಲಕ್ಕೇ ಹೋಗುತ್ತದೆ ಅಲ್ವಾ?

ಎಲ್ಲಾ ಬೇಕರ್ ಇದನ್ನು ಒಳಗಿದ್ದೇ ಕಂಡವರು. 1940ರ ದಶಕದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಸಂಸ್ಥೆಯಾದ ಎನ್‌ಎಎಸಿಪಿಯ ಶಾಖೆಗಳನ್ನು ನೋಡಿಕೊಳ್ಳುತ್ತಾ ದಕ್ಷಿಣದ ಊರೂರು ಸುತ್ತಿದರು. ಆಮೇಲೆ ಕಿಂಗ್ ಅವರ ಸಂಸ್ಥೆಯಲ್ಲೂ ದುಡಿದರು. ಒಬ್ಬ ದೊಡ್ಡ ಮನುಷ್ಯನ ಸುತ್ತ ಎಲ್ಲ ಕಟ್ಟುವುದು ಅವರಿಗೆ ಒಗ್ಗಲಿಲ್ಲ. 1960ರಲ್ಲಿ ರಾಲಿಯ ಶಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿದಾಗ, ನೀವು ಯಾರ ಬಾಲವೂ ಆಗಬೇಡಿ, ನಿಮ್ಮದೇ ಸಂಘಟನೆ ಮಾಡಿ ಎಂಬುದೇ ಅವರ ಸಲಹೆ.

ಈಚಿನದು ಬೇಕಾದರೆ 2020 ನೋಡಿ. ಪೊಲೀಸನ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯಾದ ನಂತರ, ಕಪ್ಪು ಜನರ ಮೇಲಿನ ಪೊಲೀಸ್ ಹಿಂಸೆಯ ವಿರುದ್ಧದ ಚಳವಳಿ ಬ್ಲ್ಯಾಕ್ ಲೈವ್ಸ್ ಮ್ಯಾಟರ್‌ನ ಕೇಂದ್ರ ಪ್ರತಿಷ್ಠಾನಕ್ಕೆ ಆ ಒಂದೇ ವರ್ಷ 9 ಕೋಟಿ ಡಾಲರ್ ಬಂತು. ವರ್ಷದ ಕೊನೆಗೆ ಅದರದೇ 10 ಊರಿನ ಶಾಖೆಗಳು ಬಹಿರಂಗ ಪತ್ರ ಬರೆದು, ಹಣ ಹೇಗೆ ಹಂಚುತ್ತೀರಿ, ತೀರ್ಮಾನ ಯಾರು ಮಾಡುತ್ತಾರೆ ಎಂದು ಕೇಳಿದವು. ಕೇಳಿದ್ದು ವೈರಿಗಳಲ್ಲ, ಬೀದಿಗಿಳಿದು ಕೂಗಿದವರೇ.

ಡೊಂಬಿವಲಿ ಅಕ್ಕ

ಹುಡುಗ ಸರಿಯಾದ ಜಾಗಕ್ಕೆ ಕೈ ಇಟ್ಟ. ನಮ್ಮ ಸದಸ್ಯತ್ವದ ಶುಲ್ಕ ಹಾಲ್‌ನ ಕರೆಂಟ್ ಬಿಲ್ಲಿಗೂ ಸಾಲುವುದಿಲ್ಲ. ಸಂಘ ನಡೆಯುವುದು ಮೂರ್ನಾಲ್ಕು ಹೋಟೆಲ್ ಮಾಲೀಕರ ದೇಣಿಗೆಯಲ್ಲಿ. ಅವರಿಗೆ ವಾರ್ಷಿಕೋತ್ಸವದಲ್ಲಿ ಶಾಲು, ಪೇಟ, ಮುಂದಿನ ಸಾಲಿನ ಸೋಫಾ. ಅವರು ಯಾರೂ ಲೆಕ್ಕ ಕೇಳುವುದಿಲ್ಲ, ಶಾಲು ಬಂದರೆ ಆಯಿತು. ನಾವು ಕೇಳಿದರೆ "ನೀವು ಎಷ್ಟು ಕೊಟ್ಟಿದ್ದೀರಿ" ಅನ್ನುತ್ತಾರೆ. ಗಿಲ್ಮೋರ್ ಅಮ್ಮನ ಕಥೆ ಓದಿ, ನಾವು ಹೆಂಗಸರು ಸೇರಿ ಉಪ್ಪಿನಕಾಯಿ ಹಪ್ಪಳ ಮಾರಿಯಾದರೂ ವಿದ್ಯಾರ್ಥಿನಿಧಿಗೆ ದುಡ್ಡು ಹಾಕಬೇಕು ಅನ್ನಿಸಿತು. ಆಗ ಕೇಳುವಾಗ ಗಂಟಲು ಬೇರೆ ಥರ ಇರುತ್ತದೆ.

ಮುಲುಂದ್ ಮಾವ

ಎಲ್ಲರೂ ಅಮೆರಿಕಕ್ಕೆ ಹೋಗಿ ಬಂದಿರಿ, ಸಂತೋಷ. ಸಂಘ ನಡೆಸಿ ನೋಡಿ ಗೊತ್ತಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ, ಯಾರೋ ತೀರಿಕೊಂಡರು, ಆಂಬುಲೆನ್ಸ್ ಬೇಕು, ಹೆಣ ಊರಿಗೆ ಕಳಿಸಬೇಕು. ಆಗ ಲೆಕ್ಕ ಕೇಳುವವರು ಒಬ್ಬರೂ ಸಿಗುವುದಿಲ್ಲ. ಕಿಂಗ್ ಮೇಲೆ ಕೂಡ ತೆರಿಗೆ ಕೇಸು ಹಾಕಿ ಕಾಡಲಿಲ್ಲವೇ? ನಾಯಕನ ಮೇಲೆ ಕೆಸರು ಎರಚುವುದು ಸುಲಭ.

ಮಾಟುಂಗ ಮೇಷ್ಟ್ರು

ಮಾವ, ರಾತ್ರಿಯ ಫೋನಿನ ಮಾತು ನೂರಕ್ಕೆ ನೂರು ನಿಜ. ಆದರೆ ಕಿಂಗ್ ಕೇಸು ನಿಮ್ಮ ವಾದಕ್ಕೆ ಉಲ್ಟಾ ಹೊಡೆಯುತ್ತದೆ. ಅಲಬಾಮಾ ಸರ್ಕಾರ ಅವರನ್ನು ಸಿಕ್ಕಿಸಲೆಂದೇ ಕೇಸು ಹಾಕಿತ್ತು. 1960ರ ಮೇ ತಿಂಗಳಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ಅವರನ್ನು ಬಿಟ್ಟಿತು. ಖರ್ಚು ಬರೆದಿಟ್ಟ ಡೈರಿಗಳು ಆಗ ನೆರವಾದವು. ವೈರಿ ಬಾಗಿಲಲ್ಲಿ ಇದ್ದಾನೆ ಎಂದಾದರೆ ಪುಸ್ತಕ ಇನ್ನೂ ಚೊಕ್ಕಟವಾಗಿ ಇಡಬೇಕಲ್ಲವೇ?

ಹಿರಿಯರ ಮಾತು ಕೇಳದೆ ಜನವೇ ತೀರ್ಮಾನ ಮಾಡಿದ್ದಕ್ಕೆ 1964ರ ಅಟ್ಲಾಂಟಿಕ್ ಸಿಟಿ ಇದೆ. ಮಿಸಿಸಿಪ್ಪಿಯಿಂದ ಗೇಣಿ ರೈತರು, ಅಡುಗೆಯವರು ತಮ್ಮದೇ ಪಕ್ಷ ಕಟ್ಟಿಕೊಂಡು ಅಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಮಹಾಸಭೆಗೆ, ಬಿಳಿಯರೇ ತುಂಬಿದ್ದ ರಾಜ್ಯದ ನಿಯೋಗದ ಬದಲು ನಮ್ಮನ್ನು ಕೂರಿಸಿ ಎಂದು ಬಂದಿದ್ದರು. ಇಡೀ ನಿಯೋಗಕ್ಕೆ ಬರೀ ಎರಡು ಸೀಟು ಕೊಡುತ್ತೇವೆ ಎಂದರು. ಆ ಇಬ್ಬರು ಯಾರು ಎಂದು ಆರಿಸಿದ್ದೂ ಮೇಲಿನವರೇ! ಕಪ್ಪು ಚಳವಳಿಯ ಹಿರಿಯ ಬೇಯಾರ್ಡ್ ರಸ್ಟಿನ್‌ರಂಥ ದೊಡ್ಡವರು ಒಪ್ಪಿಕೊಳ್ಳಿ ಎಂದರು. ನಿಯೋಗದ ಫ್ಯಾನಿ ಲೂ ಹೇಮರ್ ಮತ್ತು ಉಳಿದವರು ಮತ ಹಾಕಿ ಬೇಡ ಎಂದರು. ರಾಜಕೀಯವಾಗಿ ಅದು ಜಾಣತನವೋ ಅಲ್ಲವೋ, ನನಗೆ ರಸ್ಟಿನ್ ಮಾತಿನಲ್ಲೂ ಸ್ವಲ್ಪ ಹುರುಳು ಕಾಣುತ್ತದೆ. ಆದರೆ ತೀರ್ಮಾನ ಆ ನಿಯೋಗದ ಜನರದೇ ಆಗಿತ್ತು.

ಒಂದು ಎಚ್ಚರಿಕೆ. ಪವೆಲ್‌ರನ್ನು ಇಳಿಸಿದ ರಾಂಗೆಲ್ 46 ವರ್ಷ ಅದೇ ಕುರ್ಚಿಯಲ್ಲಿ ಕೂತರು. 2010ರ ಡಿಸೆಂಬರ್‌ನಲ್ಲಿ ಬಾಡಿಗೆ ಆದಾಯ ಸರಿಯಾಗಿ ತೋರಿಸದ್ದು ಸೇರಿ ಹಲವು ತಪ್ಪುಗಳಿಗೆ ಸಂಸತ್ತು 333–79 ಮತಗಳಿಂದ ಅವರಿಗೆ ಛೀಮಾರಿ ಹಾಕಿತು. ಹಿಂದಿನ ತಿಂಗಳಷ್ಟೇ ಜನ ಅವರನ್ನು ಗೆಲ್ಲಿಸಿದ್ದರು. ಅಕ್ಕ, ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಕೂರಿಸಿದರೆ ಸಾಲದು. ಬೈಲಾದಲ್ಲಿ ಎಷ್ಟು ವರ್ಷ ಎಂಬ ಮಿತಿ ಹಾಕಿಸಿ.

ಕುರ್ಲಾ ವಕೀಲ

ಇತಿಹಾಸ ನನಗೆ ಅಷ್ಟಕ್ಕಷ್ಟೆ. ಸಂಘ ಪಬ್ಲಿಕ್ ಟ್ರಸ್ಟ್ ಎಂದು ನೋಂದಣಿ ಆಗಿದ್ದರೆ ಮಹಾರಾಷ್ಟ್ರದ 1950ರ ಕಾಯ್ದೆ ಅನ್ವಯಿಸುತ್ತದೆ. ಪ್ರತಿ ವರ್ಷ ಆಡಿಟ್ ಮಾಡಿಸಿ ಚಾರಿಟಿ ಕಮಿಷನರ್ ಕಚೇರಿಗೆ ಸಲ್ಲಿಸಬೇಕು. ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ಚೇಂಜ್ ರಿಪೋರ್ಟ್ ಕೊಡಬೇಕು, ಅದು 22ನೇ ಕಲಂ. ಟ್ರಸ್ಟಿಗಳನ್ನು ತೆಗೆಯುವುದು 41ಡಿ, ಆದರೆ ಅದಕ್ಕೆ ಈಗಲೇ ಕೈ ಹಾಕಬೇಡಿ. ಮೊದಲು ಆಡಿಟ್ ಪ್ರತಿ ತೆಗೆಸಿ. ಡೊಂಬಿವಲಿಯವರಾದರೆ ವರಳಿಯ ಮುಖ್ಯ ಕಚೇರಿಗೆ ಓಡಬೇಕಾಗಿಲ್ಲ, ಠಾಣೆಯಲ್ಲೇ ಕಚೇರಿ ಇದೆ.

ಡೊಂಬಿವಲಿ ಅಕ್ಕ

ವಕೀಲರೇ, ಉಪಕಾರವಾಯಿತು. ಬೈಲಾ ಪ್ರತಿಯನ್ನು ಕಾರ್ಯದರ್ಶಿಯ ಹತ್ತಿರ ಕೇಳಿದ್ದೆ. ಕಪಾಟಿನ ಬೀಗದ ಕೈ ಅಧ್ಯಕ್ಷರ ಮನೆಯಲ್ಲಿದೆ ಅಂದರು. ಅದೂ ಠಾಣೆಯಲ್ಲಿ ಸಿಗುತ್ತದಾ?

ಕುರ್ಲಾ ವಕೀಲ

ನೋಂದಣಿಯ ಜೊತೆ ಸಲ್ಲಿಸಿದ್ದರೆ ಫೈಲಿನಲ್ಲಿ ಇರುತ್ತದೆ. ಟ್ರಸ್ಟ್ ನಂಬರು ಬರೆದು ಪ್ರತಿಗೆ ಅರ್ಜಿ ಹಾಕಿ. ನಂಬರು ನಿಮ್ಮ ಹಳೆಯ ದೇಣಿಗೆ ರಸೀದಿಯ ಮೇಲೆ ಅಚ್ಚಾಗಿರಬೇಕು, ಹುಡುಕಿ ನೋಡಿ. ಅರ್ಜಿ ಮರಾಠಿಯಲ್ಲಿ ಬರೆದರೆ ಬೇಗ ಕೆಲಸ ಆಗುತ್ತದೆ.